ಕರಿಯರ ಕಾಯಿಲೆ, ಬಡವರ ಕಾಯಿಲೆ

(ಲೋಹಿಯಾ ಸ್ಮೃತಿದಿನದಂದು ಹೊಸಪೇಟೆಯಲ್ಲಿ ಸೇರಿದ್ದ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣ)



ಅಕ್ಟೋಬರ್ ೧೨ ಬಂತೆಂದರೆ ನಾವು ಲೋಹಿಯಾ ಅವರ ಪಟಕ್ಕೆ ಹಾರ ಹಾಕುತ್ತೇವೆ, ಸಪ್ತಕ್ರಾಂತಿಯ ಏಳು ಅಂಶಗಳನ್ನು ಬಾಯಿಪಾಠ ಒಪ್ಪಿಸುತ್ತೇವೆ, ಚಹಾ ಕುಡಿದು ಮನೆಗೆ ಹೋಗುತ್ತೇವೆ. ಅವರು ತೀರಿಕೊಂಡದ್ದು ಹೇಗೆ ಎಂದು ಕೇಳಿದರೆ ಈ ಸಭೆಯಲ್ಲಿಯೂ ಹಲವರು ತಲೆ ತಗ್ಗಿಸಬೇಕಾದೀತು. ೧೯೬೭ರ ಸೆಪ್ಟೆಂಬರ್ ಕೊನೆಯಲ್ಲಿ ದಿಲ್ಲಿಯ ವಿಲಿಂಗ್ಡನ್ ಆಸ್ಪತ್ರೆಯಲ್ಲಿ ಅವರ ಪ್ರಾಸ್ಟೇಟ್ ಗ್ರಂಥಿಗೆ ಶಸ್ತ್ರಚಿಕಿತ್ಸೆಯಾಯಿತು. ಆಮೇಲೆ ನಂಜೇರಿತು. ಎರಡು ವಾರ ತುಂಬುವುದರೊಳಗೆ ಅವರು ಹೋದರು. ಆಗ ಅವರ ವಯಸ್ಸು ೫೭. ಅದು ಕ್ಯಾನ್ಸರ್ ಆಗಿರಲಿಲ್ಲ. ಗ್ರಂಥಿ ಉಬ್ಬಿದ್ದಕ್ಕೆ ಮಾಡಿದ ಶಸ್ತ್ರಚಿಕಿತ್ಸೆ. ಆ ಆಸ್ಪತ್ರೆಗೆ ಈಗ ಅವರದೇ ಹೆಸರಿದೆ.

ಅದಕ್ಕೆ ಮೂರು ವರ್ಷ ಹಿಂದೆ, ೧೯೬೪ರ ಮೇ ತಿಂಗಳಲ್ಲಿ, ಇದೇ ಲೋಹಿಯಾ ಅಮೆರಿಕಾದ ಮಿಸಿಸಿಪ್ಪಿ ಸಂಸ್ಥಾನದ ಜಾಕ್ಸನ್ ಪಟ್ಟಣದಲ್ಲಿ ಬಿಳಿಯರಿಗೆ ಮಾತ್ರ ಎಂದು ಕಾದಿಟ್ಟಿದ್ದ ಊಟದ ಮನೆಗೆ ಧೋತರ ಉಟ್ಟುಕೊಂಡೇ ಹೋದರು. ಬಾಗಿಲಲ್ಲಿ ತಡೆದರು. ಮಾರನೆಯ ದಿನ ಮತ್ತೆ ಹೋದರು. ಪೊಲೀಸರು ಹಿಡಿದರು. ಅಂದು ಅವರು ಕೇಳಿದ್ದು ಬಾಗಿಲಿನ ಪ್ರಶ್ನೆ. ಇಂದು ನಾನು ಮಾತನಾಡಬೇಕೆಂದಿರುವುದೂ ಅದೇ ಪ್ರಶ್ನೆಯನ್ನೇ, ಆದರೆ ಊಟದ ಮನೆಯ ಬಾಗಿಲಲ್ಲ, ಆಸ್ಪತ್ರೆಯ ಬಾಗಿಲು. ವಿಷಯ ಸ್ವಲ್ಪ ಮುಜುಗರದ್ದು. ಗಂಡಸರು ನಾಲ್ಕು ಜನರೆದುರು ಆಡುವ ಮಾತಲ್ಲ. ಹಿರಿಯರು ಕ್ಷಮಿಸಬೇಕು.

ಪ್ರಾಸ್ಟೇಟ್ ಎಂಬುದು ಗಂಡಸಿನ ಮೂತ್ರಕೋಶದ ಬುಡದಲ್ಲಿ ದೊಡ್ಡ ನೆಲ್ಲಿಕಾಯಿಯಷ್ಟು ಇರುವ ಒಂದು ಗ್ರಂಥಿ. ವಯಸ್ಸಾದಂತೆ ಬಹುಮಂದಿಗೆ ಅದು ಉಬ್ಬುತ್ತದೆ; ರಾತ್ರಿ ನಾಲ್ಕು ಸಲ ಏಳಬೇಕಾಗುತ್ತದೆ, ಮೂತ್ರ ತಡೆತಡೆದು ಬರುತ್ತದೆ. ಅಷ್ಟಕ್ಕೆ ಹೆದರಬೇಕಾಗಿಲ್ಲ. ಕೆಲವರಿಗೆ ಮಾತ್ರ ಅದರಲ್ಲಿ ಕ್ಯಾನ್ಸರ್ ಹುಟ್ಟುತ್ತದೆ. ಅದು ಬಹಳ ವರ್ಷ ಸುಮ್ಮನಿದ್ದು, ಗ್ರಂಥಿಯ ಹೊರಗೆ ಹಬ್ಬಿತೆಂದರೆ ಹೆಚ್ಚಾಗಿ ಎಲುಬಿಗೇ ಹೋಗಿ ಕೂರುತ್ತದೆ: ಬೆನ್ನೆಲುಬು, ಸೊಂಟ, ತೊಡೆಯ ಬುಡ. ಹೀಗೆ ಹಬ್ಬಿದ ಮೇಲೆ ಬೇರುಸಹಿತ ಕೀಳುವುದು ಆಗದು. ಆದರೆ ವರ್ಷಗಟ್ಟಲೆ ಹದ್ದುಬಸ್ತಿನಲ್ಲಿ ಇಡಬಹುದು. ಇಟ್ಟವರೂ ಇದ್ದಾರೆ, ಇಡಲಾರದವರೂ ಇದ್ದಾರೆ. ಯಾರು ಇಡಬಲ್ಲರು, ಯಾರು ಇಡಲಾರರು ಎಂಬುದೇ ಇಂದಿನ ಮಾತು.

ಅಮೆರಿಕಾದಲ್ಲಿ ಈ ರೋಗದಿಂದ ಸಾಯುವವರ ಲೆಕ್ಕ ತೆಗೆದರೆ, ಕರಿಯ ಗಂಡಸರಲ್ಲಿ ಸಾವಿನ ಪ್ರಮಾಣ ಬಿಳಿಯರದಕ್ಕಿಂತ ಸುಮಾರು ಎರಡು ಪಟ್ಟು. ಬಹುಕಾಲ ಇದಕ್ಕೆ ಕೊಟ್ಟ ಸಮಾಧಾನ ಒಂದೇ: ಅದು ಅವರ ರಕ್ತ, ಅವರ ಜಾತಿ, ಅವರಿಗೆ ಬರುವ ಕ್ಯಾನ್ಸರೇ ಉಗ್ರವಾದುದು. ಈ ವಾದದ ಧಾಟಿ ನಮಗೆ ಹೊಸದೇನಲ್ಲ. ಕೇರಿಯ ಮಕ್ಕಳಿಗೆ ಓದು ಹತ್ತುವುದಿಲ್ಲ ಎನ್ನುವವರು ನಮ್ಮೂರಿನಲ್ಲಿಯೂ ಇದ್ದರು, ಈಗಲೂ ಪೂರ್ತಿ ಹೋಗಿಲ್ಲ. ಶಾಲೆ ಎಷ್ಟು ದೂರ, ಹಲಗೆ ಬಳಪಕ್ಕೆ ಕಾಸಿದೆಯೆ ಎಂದು ಅವರು ಕೇಳಲಿಲ್ಲ.

ಹಾಗೆಂದು ನಾವೂ ಎದುರು ತುದಿಗೆ ಹೋಗಿ ಕೂಗಾಡಕೂಡದು. ಕರಿಯರಲ್ಲಿ ಈ ರೋಗ ಕಾಣಿಸಿಕೊಳ್ಳುವುದೇ ಹೆಚ್ಚು, ಎಳೆಯ ವಯಸ್ಸಿಗೇ ಕಾಣಿಸುವುದೂ ಉಂಟು. ವಂಶದಿಂದ ಬರುವ ಗುಣ ಅದರಲ್ಲಿ ಒಂದು ಪಾಲು ಎಂಬುದಕ್ಕೆ ಆಧಾರಗಳಿವೆ. ಸಮಾಜವಾದಿ ಎನಿಸಿಕೊಂಡವನು ವಿಜ್ಞಾನದ ಮಾತು ತನಗೆ ಹಿತವಾದಾಗ ಮಾತ್ರ ಕೇಳುವುದು ತರವಲ್ಲ. ಪ್ರಶ್ನೆ ಇರುವುದು ಇದು: ರೋಗ ಬಂದ ಮೇಲೆ, ಅದರಲ್ಲಿಯೂ ಹಬ್ಬಿದ ಮೇಲೆ, ಇಬ್ಬರಿಗೂ ಒಂದೇ ಔಷಧ, ಒಂದೇ ಆರೈಕೆ ಸಿಕ್ಕರೆ ಏನಾಗುತ್ತದೆ?

ಇದಕ್ಕೆ ಉತ್ತರ ಹುಡುಕಿದವರು ಇದ್ದಾರೆ. ಡೋಸಿಟ್ಯಾಕ್ಸೆಲ್ ಎಂಬ ಔಷಧವನ್ನು ಈ ರೋಗ ಹಬ್ಬಿದವರಿಗೆ ಕೊಟ್ಟು ನೋಡಿದ ಒಂಬತ್ತು ಪ್ರಯೋಗಗಳ ದಾಖಲೆಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಒಟ್ಟು ೮,೮೨೦ ಗಂಡಸರು. ಎಲ್ಲರದೂ ಮುಂದುವರಿದ ಘಟ್ಟ. ಪ್ರಯೋಗ ಎಂದರೆ ಅಲ್ಲಿ ನಿಯಮ ಕಟ್ಟುನಿಟ್ಟು. ಯಾವ ದಿನ ಸೂಜಿ, ಯಾವ ದಿನ ರಕ್ತಪರೀಕ್ಷೆ, ಜ್ವರ ಬಂದರೆ ಯಾರನ್ನು ಕರೆಯಬೇಕು, ಎಲ್ಲವೂ ಬರೆದಿಟ್ಟದ್ದು. ಕರಿಯನಿಗೊಂದು ಬಿಳಿಯನಿಗೊಂದು ಇಲ್ಲ. ಫಲಿತಾಂಶ ಏನು? ಅರ್ಧದಷ್ಟು ಮಂದಿ ಬದುಕಿ ಉಳಿದ ಅವಧಿ ಕರಿಯರಲ್ಲಿ ೨೧.೦ ತಿಂಗಳು, ಬಿಳಿಯರಲ್ಲಿ ೨೧.೨ ತಿಂಗಳು. ಆರು ದಿನದ ವ್ಯತ್ಯಾಸ! ವಯಸ್ಸು, ರೋಗದ ಹರಹು ಮುಂತಾದುವನ್ನು ಸರಿದೂಗಿಸಿ ನೋಡಿದಾಗ ಕರಿಯರ ಸಾವಿನ ಸಂಭವ ಬಿಳಿಯರಿಗಿಂತ ಶೇಕಡ ೧೯ರಷ್ಟು ಕಡಮೆಯೇ ಇತ್ತು. ಉಗ್ರ ರಕ್ತದ ವಾದ ಅಲ್ಲಿಗೆ ಏನಾಯಿತೆಂದು ನೀವೇ ಹೇಳಿ.

ಒಂದು ಮಾತು ಸೇರಿಸಬೇಕು. ಆ ೮,೮೨೦ ಮಂದಿಯಲ್ಲಿ ಕರಿಯರು ೫೦೦ ಮಾತ್ರ, ನೂರಕ್ಕೆ ಆರು. ಅಮೆರಿಕಾದ ಜನಸಂಖ್ಯೆಯಲ್ಲಿ ಅವರು ನೂರಕ್ಕೆ ಹದಿಮೂರರಷ್ಟು. ಎಂದರೆ ಸಮಾನತೆ ಇದ್ದ ಆ ಕೋಣೆಯೊಳಕ್ಕೆ ಬರಲು ಆದವರೇ ಕಡಮೆ. ಬಂದವರೂ ತಕ್ಕಮಟ್ಟಿಗೆ ಗಟ್ಟಿಯಿದ್ದವರು, ಕರೆದುಕೊಂಡು ಬರುವವರಿದ್ದವರು. ಮೇಲಾಗಿ, ಟಸ್ಕೀಗಿ ಎಂಬಲ್ಲಿ ೧೯೩೨ರಿಂದ ೧೯೭೨ರವರೆಗೆ ಮೇಹರೋಗದ ಕರಿಯ ಕೂಲಿಕಾರರಿಗೆ, ಮದ್ದು ಸಿಕ್ಕುವ ಕಾಲ ಬಂದ ಮೇಲೂ ಅದನ್ನು ಕೊಡದೆ ಸರ್ಕಾರವೇ ಸುಮ್ಮನೆ ನೋಡುತ್ತ ಕೂತಿತ್ತು. ಅಂಥ ಕಡೆ ಪ್ರಯೋಗ ಎಂಬ ಮಾತು ಕೇಳಿದರೆ ಯಾರಿಗೆ ನಂಬಿಕೆ ಬಂದೀತು?

ಇನ್ನೊಂದು ಲೆಕ್ಕ ನನಗೆ ಇದಕ್ಕಿಂತ ಪ್ರಿಯವಾದುದು. ವೈದ್ಯವನ್ನು ಬಹುಪಾಲು ವ್ಯಾಪಾರಕ್ಕೆ ಬಿಟ್ಟಿರುವ ಆ ದೇಶದಲ್ಲಿ ಮಾಜಿ ಸೈನಿಕರಿಗೆ ಸರ್ಕಾರವೇ ನಡೆಸುವ ಆಸ್ಪತ್ರೆಗಳಿವೆ. ಬಂಡವಾಳಶಾಹಿಯ ತವರಿನಲ್ಲಿ ಒಂದು ಚೂರು ಸಮಾಜವಾದ! ಅಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿಗೆ ಚಿಕಿತ್ಸೆ ಪಡೆದ ೬೦,೦೩೫ ಗಂಡಸರ ದಾಖಲೆಗಳನ್ನು ೨೦೨೦ರಲ್ಲಿ ಪ್ರಕಟಿಸಿದರು. ಅವರಲ್ಲಿ ೧೮,೨೦೧ ಮಂದಿ ಕರಿಯರು. ಇದು ಹಬ್ಬಿದವರ ಲೆಕ್ಕವಷ್ಟೇ ಅಲ್ಲ, ಎಲ್ಲ ಘಟ್ಟದವರದು. ಹತ್ತು ವರ್ಷಗಳಲ್ಲಿ ಈ ರೋಗದಿಂದ ಸತ್ತವರು ಕರಿಯರಲ್ಲಿ ನೂರಕ್ಕೆ ೪.೪, ಬಿಳಿಯರಲ್ಲಿ ೫.೧. ಕರಿಯರು ತಡವಾಗಿ, ರೋಗ ಬಲಿತ ಮೇಲೆ ಬಂದದ್ದೂ ಅಲ್ಲಿ ಕಾಣಲಿಲ್ಲ. ಅದೇ ದೇಶ, ಅದೇ ರಕ್ತ, ಅದೇ ರೋಗ. ಬಾಗಿಲು ಮಾತ್ರ ತೆರೆದಿತ್ತು.

ಇಂಗ್ಲೆಂಡಿನಲ್ಲಿ ಮಜೂರ್ ಪಕ್ಷದ ಅನ್ಯೂರಿನ್ ಬೆವನ್ ೧೯೪೮ರಲ್ಲಿ ಎಲ್ಲರಿಗೂ ಪುಕ್ಕಟೆ ವೈದ್ಯದ ಏರ್ಪಾಡು ತಂದರಷ್ಟೆ. ಅಲ್ಲಿ ಜೀವಮಾನದಲ್ಲಿ ಈ ಕ್ಯಾನ್ಸರ್ ಪತ್ತೆಯಾಗುವುದು ಕರಿಯರಲ್ಲಿ ನಾಲ್ವರಲ್ಲಿ ಒಬ್ಬನಿಗೆ, ಬಿಳಿಯರಲ್ಲಿ ಎಂಟರಲ್ಲಿ ಒಬ್ಬನಿಗೆ, ನಮ್ಮಂಥ ಏಷ್ಯಾದವರಲ್ಲಿ ಹದಿಮೂರರಲ್ಲಿ ಒಬ್ಬನಿಗೆ. ಬರುವುದರಲ್ಲಿ ಇಷ್ಟು ಅಂತರವಿದ್ದರೂ, ಒಮ್ಮೆ ಪತ್ತೆಯಾದ ಮೇಲೆ ಅದರಿಂದಲೇ ಸಾಯುವವರ ಪಾಲು ಕರಿಯರಲ್ಲಿಯೂ ಬಿಳಿಯರಲ್ಲಿಯೂ ಹೆಚ್ಚು ಕಡಮೆ ಒಂದೇ, ಮೂರರಲ್ಲಿ ಒಂದು.

ಇದೆಲ್ಲ ದೂರದ ಮಾತಾಯಿತು, ಹೊಸಪೇಟೆಗೆ ಏನು ಸಂಬಂಧ ಎಂದು ಹಿಂದಿನ ಸಾಲಿನವರು ಪಿಸುಗುಡುತ್ತಿರುವುದು ಕೇಳಿಸುತ್ತಿದೆ. ಹೇಳುತ್ತೇನೆ.

ನಾನು ಬಲ್ಲ ಇಬ್ಬರಿದ್ದಾರೆ. ಹೆಸರು ಬೇಡ. ಇಬ್ಬರೂ ಅರವತ್ತೆಂಟು ದಾಟಿದವರು, ಇಬ್ಬರೂ ತುಂಗಭದ್ರೆಯ ನೀರನ್ನೇ ಕುಡಿದು ಬೆಳೆದವರು. ಒಬ್ಬರು ಹೊಸಪೇಟೆಯಲ್ಲಿ ಬ್ಯಾಂಕಿನ ಕೆಲಸದಿಂದ ನಿವೃತ್ತರಾದವರು. ಮಗಳು ಬೆಂಗಳೂರಿನಲ್ಲಿದ್ದಾಳೆ, ವರ್ಷಕ್ಕೊಮ್ಮೆ ಕರೆಸಿಕೊಂಡು ಅಪ್ಪನಿಗೆ ತಲೆಯಿಂದ ಕಾಲಿನವರೆಗೆ ಪರೀಕ್ಷೆ ಮಾಡಿಸುತ್ತಾಳೆ. ಪಿ.ಎಸ್.ಎ. ಎಂಬ ಒಂದು ರಕ್ತಪರೀಕ್ಷೆಯಲ್ಲಿ ಅಂಕಿ ಏರಿದ್ದು ಕಂಡಿತು, ಮುಂದಿನ ಪರೀಕ್ಷೆಗಳಾದವು, ರೋಗ ಗ್ರಂಥಿಯೊಳಗೇ ಇರುವಾಗ ಸಿಕ್ಕಿಬಿತ್ತು. ಈಗಲೂ ಸಂಜೆ ಕಾಲುವೆ ದಂಡೆಯ ಮೇಲೆ ನಡೆದಾಡುತ್ತಾರೆ.

ಇನ್ನೊಬ್ಬ ಕಂಪ್ಲಿಯ ಕಡೆಯವನು. ಮೂವತ್ತೈದು ವರ್ಷ ಅಕ್ಕಿ ಗಿರಣಿಯಲ್ಲಿ ಹಮಾಲಿ. ಒಂದು ವರ್ಷದಿಂದ ಬೆನ್ನುನೋವು. ಅವನನ್ನು ಕೇಳಿದೆ, “ಯಾಕಪ್ಪಾ, ಇಷ್ಟು ದಿನ ತೋರಿಸಲಿಲ್ಲ?” ಅವನೆಂದ: “ಚೀಲ ಹೊತ್ತ ಬೆನ್ನು ಅಣ್ಣಾ, ನೋಯ್ದೆ ಇನ್ನೇನು ಮಾಡ್ತೈತಿ?” ಅವನೂ ಹಾಗೆಂದುಕೊಂಡ, ಹೆಂಡತಿಯೂ ಹಾಗೆಂದುಕೊಂಡಳು, ಔಷಧದ ಅಂಗಡಿಯವನೂ ಹಾಗೆಂದುಕೊಂಡು ನೋವಿನ ಗುಳಿಗೆ ಕೊಟ್ಟ. ಎಲುಬು ಕೂಡಿಸುವವನ ಹತ್ತಿರ ಹೋಗಿ ಎಣ್ಣೆ ತಿಕ್ಕಿಸಿಕೊಂಡ, ಪಟ್ಟಿ ಕಟ್ಟಿಸಿಕೊಂಡ. ಒಂದು ದಿನ ಕಾಲು ಜೋಮು ಹಿಡಿಯಿತು, ಮೂರನೆಯ ದಿನ ಎದ್ದು ನಿಲ್ಲಲಾರದೆ ಹೋದ. ಆಸ್ಪತ್ರೆಗೆ ಹೊತ್ತುಕೊಂಡು ಹೋದಾಗ ಕ್ಯಾನ್ಸರ್ ಬೆನ್ನೆಲುಬನ್ನು ತಿಂದು ನರಗಳ ಹುರಿಯನ್ನು ಒತ್ತುತ್ತಿತ್ತು.

ಇವರಿಬ್ಬರ ರಕ್ತದಲ್ಲಿ ಏನು ವ್ಯತ್ಯಾಸ ಹುಡುಕುತ್ತೀರಿ?

ದುಡಿಯುವವನ ಬೆನ್ನುನೋವನ್ನು ಯಾರೂ ರೋಗವೆಂದು ಎಣಿಸುವುದಿಲ್ಲ. ಇದೇ ನಮ್ಮ ಕಡೆಯ ಬಣ್ಣಭೇದ. ಸಂಡೂರಿನಲ್ಲಿ ಅದಿರು ತುಂಬಿದವನು, ಹಂಪಿ-ಕಮಲಾಪುರದಲ್ಲಿ ಬಾಳೆಗೊನೆ ಹೊತ್ತವನು, ಕಂಪ್ಲಿಯಲ್ಲಿ ಕಬ್ಬು ಕಡಿದವನು, ಹೊಸಪೇಟೆಯಲ್ಲಿ ಲಾರಿ ಓಡಿಸಿದವನು, ಇವರ ಸೊಂಟ ನೋಯುವುದು ಸಹಜ ಎಂದು ವೈದ್ಯನೂ ಕೆಲವೊಮ್ಮೆ ಭಾವಿಸಿಬಿಡುತ್ತಾನೆ. ಬ್ಯಾಂಕಿನವನ ಸೊಂಟ ನೋಯುವುದು ಅಸಹಜ. ಅದಕ್ಕೆ ಫೋಟೋ ತೆಗೆಯಬೇಕು. (ಗಣಿಯ ಧೂಳಿನಿಂದಲೇ ಈ ಕ್ಯಾನ್ಸರ್ ಬರುತ್ತದೆಂದು ಯಾರಾದರೂ ವೇದಿಕೆಯ ಮೇಲೆ ಹೇಳಿದರೆ ಒಪ್ಪಬೇಡಿ. ಧೂಳಿನ ಅನ್ಯಾಯ ಬೇರೆಯೇ ಇದೆ. ಅದನ್ನು ಇದಕ್ಕೆ ತಳಕು ಹಾಕಿದರೆ ಎರಡು ಮೊಕದ್ದಮೆಯೂ ಸೋಲುತ್ತವೆ.)

ಇಡೀ ದೇಶದ ಅಂಕಿ ನೋಡಿ. ೨೦೨೨ರ ಅಂದಾಜಿನಂತೆ ಭಾರತದಲ್ಲಿ ಆ ವರ್ಷ ಹೊಸದಾಗಿ ಪತ್ತೆಯಾದವರು ಸುಮಾರು ೩೮ ಸಾವಿರ, ಸತ್ತವರು ಸುಮಾರು ೧೮ ಸಾವಿರ. ಅಮೆರಿಕಾದಲ್ಲಿ ೨೦೨೪ಕ್ಕೆ ಹಾಕಿದ ಅಂದಾಜು, ಹೊಸಬರು ೨,೯೯,೦೧೦, ಸಾವು ೩೫,೨೫೦. ಅಲ್ಲಿ ಎಂಟು ಮಂದಿ ಪತ್ತೆಯಾದರೆ ಒಂದು ಸಾವು. ಇಲ್ಲಿ ಇಬ್ಬರು ಪತ್ತೆಯಾದರೆ ಒಂದು ಸಾವು. ಅಲ್ಲಿ ರಕ್ತಪರೀಕ್ಷೆಯ ಭರಾಟೆಯಲ್ಲಿ ನಿರುಪದ್ರವಿ ರೋಗವನ್ನೂ ಹಿಡಿದು ಲೆಕ್ಕಕ್ಕೆ ಸೇರಿಸುತ್ತಾರೆ, ಅದು ನಿಜ. ಆದರೂ ನಮ್ಮಲ್ಲಿ ಅನೇಕರು ಬಾಗಿಲಿಗೆ ಬರುವುದೇ ಕೊನೆಯ ಘಟ್ಟದಲ್ಲಿ ಎಂಬುದೂ ಅಷ್ಟೇ ನಿಜ.

ಬಾಗಿಲಾದರೂ ಎಲ್ಲಿದೆ? ಬಳ್ಳಾರಿಯಲ್ಲಿ ೧೯೬೧ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಕ್ಯಾನ್ಸರಿಗೆಂದೇ ಹೆಸರಾದ ಸರ್ಕಾರದ ದೊಡ್ಡ ಆಸ್ಪತ್ರೆ ಎಂದರೆ ೧೯೭೩ರಲ್ಲಿ ಬೆಂಗಳೂರಿನಲ್ಲಿ ಆದ ಕಿದ್ವಾಯಿ ಸಂಸ್ಥೆ. ಹೊಸಪೇಟೆಯಿಂದ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆ ಅದರರ್ಧ. ಮೂತ್ರ ಕಟ್ಟುವ, ಎಲುಬು ನೋಯುವ ಮುದುಕನೊಬ್ಬ ಹಂಪಿ ಎಕ್ಸ್‌ಪ್ರೆಸ್ಸಿನ ಸಾಮಾನ್ಯ ಡಬ್ಬಿಯಲ್ಲಿ ರಾತ್ರಿಯೆಲ್ಲ ಬಾಗಿಲ ಹತ್ತಿರ ಕುಕ್ಕರಗಾಲಲ್ಲಿ ಕೂತು ಹೋಗುವುದನ್ನು ನೀವು ಊಹಿಸಿಕೊಳ್ಳಿ. ಜೊತೆಗೆ ಮಗ ಬರಬೇಕು. ಅವನ ಎರಡು ದಿನದ ಕೂಲಿ ಹೋಯಿತು. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಎಂಬ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ೨೦೧೮ರಿಂದ ಇದೆ. ಒಳ್ಳೆಯದು, ಬೈಯುವುದಕ್ಕೆ ಕಾರಣವಿಲ್ಲ. ಆದರೆ ಹೋದ ಕೂಲಿ ಆ ಕಾರ್ಡಿನಲ್ಲಿ ಬರುವುದಿಲ್ಲ, ಛತ್ರದ ಬಾಡಿಗೆ ಬರುವುದಿಲ್ಲ, ಮೂರು ಸಲ ಹೋಗಿ “ನಾಳೆ ಬಾ” ಎನಿಸಿಕೊಂಡ ಖರ್ಚು ಬರುವುದಿಲ್ಲ. ನಾಲ್ಕನೆಯ ಸಲ ಮುದುಕ ಹೋಗುವುದಿಲ್ಲ. “ನನ್ನ ಆಯುಷ್ಯ ಇಷ್ಟೇ” ಎನ್ನುತ್ತಾನೆ. ನಾವು ಅದನ್ನು ವೈರಾಗ್ಯ ಎಂದುಕೊಳ್ಳುತ್ತೇವೆ.

ಹೆಚ್ಚು ಸಂಕಟದ ವಿಷಯವೆಂದರೆ ಈ ರೋಗಕ್ಕೆ ಮೊದಲು ಮಾಡಬೇಕಾದ ಚಿಕಿತ್ಸೆ ದುಬಾರಿಯದೇ ಅಲ್ಲ. ಗಂಡಸಿನ ದೇಹದಲ್ಲಿ ಹುಟ್ಟುವ ಒಂದು ರಸವೇ ಈ ಕ್ಯಾನ್ಸರಿನ ಮೇವು; ಮೇವು ನಿಲ್ಲಿಸಿದರೆ ಅದು ಬಾಡುತ್ತದೆ ಎಂದು ಚಾರ್ಲ್ಸ್ ಹಗಿನ್ಸ್ ಎಂಬ ವೈದ್ಯರು ೧೯೪೧ರಲ್ಲಿ ತೋರಿಸಿದರು; ೧೯೬೬ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಅದಕ್ಕೆ ಎರಡು ದಾರಿ: ತಿಂಗಳಿಗೋ ಮೂರು ತಿಂಗಳಿಗೋ ಒಂದು ಬೆಲೆಯುಳ್ಳ ಸೂಜಿ, ಬದುಕಿರುವವರೆಗೆ, ಇಲ್ಲವೆ ಬೀಜಗಳನ್ನು ತೆಗೆದುಹಾಕುವ ಒಂದು ಸಣ್ಣ ಶಸ್ತ್ರಚಿಕಿತ್ಸೆ, ಒಂದೇ ಸಲ. ಗುಣದಲ್ಲಿ ಎರಡೂ ಸಮ. ದೊಡ್ಡ ಯಂತ್ರ ಬೇಡ, ವಿದೇಶದ ಮದ್ದು ಬೇಡ. ಆದರೆ ಆ ಮಾತೆತ್ತಿದೊಡನೆ ನಮ್ಮ ಗಂಡಸು ಎದ್ದು ಹೋಗುತ್ತಾನೆ. “ಹೋರಿಗೆ ಬೀಜ ಒಡೆದಂಗೆ ನನಗೂ ಮಾಡ್ತೀರೇನು?” ಎಂದು ಸಂಡೂರಿನ ಕಡೆಯ ಒಬ್ಬ ಹಿರಿಯರು ನನ್ನ ಮೇಲೆ ರೇಗಿದರು. ಅವರನ್ನು ನಗಬೇಡಿ. ಆ ಅಳುಕು ನಿಜವಾದುದು. ಹೆಂಡತಿ ಮಕ್ಕಳೆದುರು ಕೂತು, ಅವಸರಪಡಿಸದೆ, ಸೂಜಿಯ ಖರ್ಚು ಎಷ್ಟು, ಇದರ ಖರ್ಚು ಎಷ್ಟು ಎಂದು ಬಿಡಿಸಿ ಹೇಳುವವರು ಬೇಕು. ಎರಡೂ ದಾರಿಯಲ್ಲಿ ಬಿಸಿ ಏರುವುದು, ನಿಶ್ಶಕ್ತಿ, ಎಲುಬು ಸವೆಯುವುದು ಇದ್ದೇ ಇವೆ ಎಂಬುದನ್ನೂ ಮುಚ್ಚಿಡಕೂಡದು. ಎಲುಬಿನ ನೋವಿಗೆ ಕಿರಣ ಹಾಯಿಸುವುದುಂಟು. ಅದನ್ನು ಹತ್ತು ದಿನ ಹಾಯಿಸುವುದರಷ್ಟೇ ಒಂದೇ ದಿನ ಹಾಯಿಸಿದರೂ ನೋವು ಇಳಿಯುತ್ತದೆಂದು ರುಜುವಾತಾಗಿದೆ. ದೂರದಿಂದ ಬರುವವನಿಗೆ ಇದು ಎಂಥ ಉಪಕಾರ! ಕೇಳಿ ತಿಳಿದುಕೊಂಡವನಿಗೆ ಮಾತ್ರ.

ಇನ್ನು ಹೊಸ ಗುಳಿಗೆಗಳು. ಅಬಿರೇಟರೋನ್ ಎಂಬುದು ಒಂದು. ಅದನ್ನು ಬರಿಹೊಟ್ಟೆಯಲ್ಲಿ ದಿನಕ್ಕೆ ೧೦೦೦ ಮಿಲಿಗ್ರಾಂ ನುಂಗಬೇಕೆಂದು ಕಂಪನಿಯ ಕಟ್ಟಳೆ. ೨೫೦ ಮಿಲಿಗ್ರಾಮನ್ನು ಉಪಾಹಾರದ ಜೊತೆ ಕೊಟ್ಟರೆ ಹೇಗೆ ಎಂದು ೭೨ ರೋಗಿಗಳಲ್ಲಿ ಪರೀಕ್ಷಿಸಿ ೨೦೧೮ರಲ್ಲಿ ಪ್ರಕಟಿಸಿದರು, ಪಿ.ಎಸ್.ಎ. ಇಳಿಸುವುದರಲ್ಲಿ ಕಾಲುಭಾಗದ ಮದ್ದು ಪೂರ್ಣಕ್ಕೆ ಕಡಮೆಯಾಗಲಿಲ್ಲ. ಪ್ರಯೋಗ ಚಿಕ್ಕದು; ನಿಮ್ಮಷ್ಟಕ್ಕೆ ನೀವೇ ಗುಳಿಗೆ ಕಡಮೆ ಮಾಡಬೇಡಿ, ವೈದ್ಯರನ್ನು ಕೇಳಿ. ಆದರೆ ಕೇಳಿ. ಇನ್ನೊಂದು ಎನ್‌ಜಲುಟಮೈಡ್. ಅದು ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಸಾರ್ವಜನಿಕ ವಿಶ್ವವಿದ್ಯಾನಿಲಯದಲ್ಲಿ, ಅಮೆರಿಕಾದ ಪ್ರಜೆಗಳ ತೆರಿಗೆಯ ಹಣದ ನೆರವಿನಿಂದ. ಕರಿಯರ ತೆರಿಗೆಯೂ ಅದರಲ್ಲಿತ್ತು. ಮಾರುವಾಗ ಬೆಲೆ ಕಂಪನಿಯದು. ಭಾರತದ ಪೇಟೆಂಟ್ ಕಚೇರಿ ೨೦೧೬ರಲ್ಲಿ ಅದಕ್ಕೆ ಏಕಸ್ವಾಮ್ಯ ನಿರಾಕರಿಸಿತು. ನಮ್ಮ ಸರ್ಕಾರಿ ಕಚೇರಿಯೊಂದು ಮಾಡಿದ ಒಳ್ಳೆಯ ಕೆಲಸವನ್ನು ಹೊಗಳುವ ಅವಕಾಶ ನನಗೆ ಹೆಚ್ಚು ಸಿಕ್ಕುವುದಿಲ್ಲ, ಇದು ಅಂಥದೊಂದು.

ಹಣ ಎಲ್ಲಿಂದ ಎಂದು ಕೇಳುವವರಿಗೆ ಸಂಡೂರಿನ ಬೆಟ್ಟಗಳನ್ನು ತೋರಿಸಬೇಕು. ಗಣಿಗಾರಿಕೆಯಿಂದ ಬಾಧಿತರಾದವರಿಗಾಗಿ ಜಿಲ್ಲಾ ಖನಿಜ ಪ್ರತಿಷ್ಠಾನ ಇರಬೇಕೆಂದು ೨೦೧೫ರಲ್ಲಿ ಕಾನೂನಾಯಿತು. ಆರೋಗ್ಯ ಅದರ ಆದ್ಯತೆಯ ಬಾಬುಗಳಲ್ಲಿ ಒಂದು. ೨೦೧೧ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿದ ತರುವಾಯ, ಅದಿರು ಮಾರಿದ ಹಣದಲ್ಲಿ ಈ ನೆಲವನ್ನೂ ಜನರನ್ನೂ ಚೇತರಿಸಿಕೊಳ್ಳುವಂತೆ ಮಾಡಲು ಬೇರೊಂದು ನಿಗಮವೂ ಆಗಿದೆ. ಅದರಲ್ಲಿರುವುದು ಸಾವಿರಾರು ಕೋಟಿ ರೂಪಾಯಿ. ಆ ಹಣದಲ್ಲಿ ಕಟ್ಟಡ ಏಳುತ್ತವೆ, ರಸ್ತೆಯಾಗುತ್ತವೆ, ಕಲ್ಲಿನ ಮೇಲೆ ಹೆಸರು ಕೆತ್ತಿಸಿಕೊಳ್ಳಲು ಅನುಕೂಲ. ಪಿ.ಎಸ್.ಎ. ಪರೀಕ್ಷೆಗೆ ಕಲ್ಲು ನೆಡುವುದಕ್ಕಾಗುವುದಿಲ್ಲ. ನಮ್ಮ ಬೇಡಿಕೆ ದೊಡ್ಡದಲ್ಲ: ಹೊಸಪೇಟೆ, ಸಂಡೂರು, ಕಂಪ್ಲಿಯ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ರಕ್ತಪರೀಕ್ಷೆ ಪುಕ್ಕಟೆಯಾಗಬೇಕು, ವಾರಕ್ಕೊಂದು ದಿನ ಮೂತ್ರರೋಗದ ತಜ್ಞರು ಬರಬೇಕು, ದೂರ ಕಳಿಸಿದ ರೋಗಿಗೂ ಜೊತೆಗಾರನಿಗೂ ಪ್ರಯಾಣದ ವೆಚ್ಚ, ಹೋದ ದಿನಗಳ ಕೂಲಿ ಕೊಡಬೇಕು. ಯಾವ ಊರಿನವನು, ಯಾವ ದುಡಿಮೆಯವನು, ಯಾವ ಜಾತಿಯವನು ಯಾವ ಘಟ್ಟದಲ್ಲಿ ಬಂದ ಎಂಬುದನ್ನು ಬರೆದಿಡಬೇಕು. ಅಮೆರಿಕಾದಲ್ಲಿ ಬಣ್ಣದ ಲೆಕ್ಕ ಇಟ್ಟದ್ದರಿಂದಲೇ ಅನ್ಯಾಯ ಅಂಕಿಯಾಗಿ ಕಾಣಿಸಿತು.

ಎಲ್ಲ ಗಂಡಸರನ್ನೂ ಸಾಲಾಗಿ ನಿಲ್ಲಿಸಿ ರಕ್ತ ತೆಗೆಯಿರಿ ಎಂದು ನಾನು ಹೇಳುತ್ತಿಲ್ಲ. ಗ್ರಂಥಿ ಬರಿದೆ ಉಬ್ಬಿದರೂ ಆ ಅಂಕಿ ಏರುತ್ತದೆ, ಸೋಂಕಿನಿಂದಲೂ ಏರುತ್ತದೆ. ಸುಮ್ಮನೆ ಹೆದರಿಸಿ ಹಣ ಕೀಳುವವರಿಗೆ ಅದು ಹಬ್ಬವಾದೀತು. ನಾನು ಹೇಳುತ್ತಿರುವುದು ಅರವತ್ತರ ಹತ್ತಿರದ ದುಡಿಮೆಗಾರನನ್ನು ಕುರಿತು: ಆರು ವಾರ ಕಳೆದರೂ ಹೋಗದ, ಮಲಗಿದಾಗಲೂ ಬಿಡದ ಬೆನ್ನುನೋವು, ಮೂತ್ರದಲ್ಲಿ ರಕ್ತ, ಮೂತ್ರ ಕಟ್ಟುವುದು, ಕಾರಣವಿಲ್ಲದೆ ಇಳಿಯುವ ಮೈ. ಕಾಲು ಜೋಮು ಹಿಡಿದು ಸೋಲತೊಡಗಿದರೆ ಬೆಳಗಾಗುವವರೆಗೂ ಕಾಯಕೂಡದು. ಅಂದೇ ಆಸ್ಪತ್ರೆ ಸೇರಬೇಕು.

ಸಂಡೂರಿನಲ್ಲಿ ೧೯೭೩ರ ಭೂಹೋರಾಟದಲ್ಲಿ ನಮ್ಮ ಪಕ್ಷದ ಬಾವುಟ ಹಿಡಿದು ಜೈಲು ತುಂಬಿದ ತರುಣರು ಈಗ ಎಪ್ಪತ್ತು ದಾಟಿದ್ದಾರೆ. ಈ ರೋಗದ ವಯಸ್ಸು ಅದೇ. ಹೆಂಗಸರಿಗೆ ಗರ್ಭಕೋಶದ, ಸ್ತನದ ಪರೀಕ್ಷೆಯ ಬಗ್ಗೆ ಆಶಾ ಕಾರ್ಯಕರ್ತೆಯರು ಮನೆಗೆ ಹೋಗಿ ಮಾತನಾಡುತ್ತಾರೆ. ಈ ಮುದುಕರನ್ನು ಯಾರೂ ಏನೂ ಕೇಳಿಲ್ಲ. ಮೊದಲು ಅವರ ಮನೆಗಳಿಗೆ ಹೋಗೋಣ. ಪಟ್ಟಿ ಸಂಡೂರಿನ ಸಂಗಾತಿಗಳ ಹತ್ತಿರ ಇದೆ. ಕಂಪ್ಲಿಯವರು ಭತ್ತದ ಕೊಯ್ಲು ಮೊದಲಾಗುವ ಮುನ್ನ ಹಮಾಲರ ಸಂಘದಲ್ಲಿ ಒಂದು ಸಂಜೆ ಗೊತ್ತುಮಾಡಬೇಕು. ಕೊಯ್ಲು ಬಂದರೆ ಯಾರೂ ಸಿಕ್ಕುವುದಿಲ್ಲ. ಆ ಹಮಾಲಿ ಬರುತ್ತೇನೆಂದು ಹೇಳಿದ್ದಾನೆ. ಶಸ್ತ್ರಚಿಕಿತ್ಸೆಯಾಯಿತು, ಕಿರಣವೂ ಆಯಿತು. ನೋವು ಇಳಿದಿದೆ, ಕಾಲು ಪೂರ್ತಿ ಬಂದಿಲ್ಲ. ಯಾರಾದರೂ ಸೈಕಲ್ ಮೋಟಾರಿನಲ್ಲಿ ಅವನನ್ನು ಕರೆದುಕೊಂಡು ಬಂದರೆ ಸಾಕು, ಮಿಕ್ಕ ಮಾತನ್ನು ಅವನೇ ಆಡುತ್ತಾನೆ.